ಮಂಗನ ಕಾಯಿಲೆಯ ವೈರಸ್ಸು: ಮೈಯೊಳಗಿನ ಕೆಲಸ, ಕಾಡಿನೊಳಗಿನ ಬದುಕು

ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ತಗ್ಗುವ ಹೊತ್ತಿಗೆ ಬೆಟ್ಟದ ನೆಲದ ತೇವ ಆರಿ, ಮರಗಳು ಎಲೆ ಉದುರಿಸಿ, ದರಗು, ಅಂದರೆ ಉದುರಿದ ಒಣ ಎಲೆ ಗುಡಿಸುವ ಕಾಲ ಬಂದಿರುತ್ತದೆ. ಕೊಟ್ಟಿಗೆಗೆ ಹಾಸಲು, ಗೊಬ್ಬರದ ಗುಂಡಿಗೆ ಹಾಕಲು ದರಗನ್ನು ಗುಡಿಸಿ, ಬುಟ್ಟಿಗೆ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ತರುವವರ ಕತ್ತಿಗೆ, ಸೊಂಟಕ್ಕೆ, ಮೊಣಕಾಲಿನ ಹಿಂಬದಿಗೆ ಎಳ್ಳುಕಾಳಿಗಿಂತ ದೊಡ್ಡದಲ್ಲದ ಎಳೆಯ ಉಣುಗುಗಳು ಹತ್ತಿಕೊಳ್ಳುತ್ತವೆ. ಅವು ಕಚ್ಚಿದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಸ್ನಾನದ ಹೊತ್ತಿಗೆ ಕೈಗೆ ತಗುಲಿದರೆ ಉಗುರಿನಿಂದ ಕಿತ್ತು ಒಲೆಗೆ ಹಾಕುವುದು ರೂಢಿ. ಹಾಗೆ ಕಚ್ಚಿದವುಗಳಲ್ಲಿ ಯಾವುದೋ ಒಂದರ ಜೊಲ್ಲಿನಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ, ಅಂದರೆ ಮಂಗನ ಕಾಯಿಲೆಯ ವೈರಸ್ಸು ಇದ್ದರೆ, ಸಾಮಾನ್ಯವಾಗಿ ಮೂರರಿಂದ ಎಂಟು ದಿನಗಳೊಳಗೆ ಜ್ವರ ಹಿಡಿಯುತ್ತದೆ.

ಕೊರೊನಾ ಕಾಲ ಕಳೆದ ಮೇಲೆ ಆರ್‌ಎನ್‌ಎ ವೈರಸ್ಸು ಎಂಬ ಮಾತು ಊರೂರಿಗೂ ಪರಿಚಯವಾಯಿತು. ಅದರ ಬೆನ್ನಿಗೇ ಮೂರು ನಂಬಿಕೆಗಳೂ ಬೇರುಬಿಟ್ಟವು: ಇಂಥ ವೈರಸ್ಸು ರೋಗಿಯಿಂದ ಪಕ್ಕದವರಿಗೆ ಹರಡುತ್ತದೆ, ನೋಡನೋಡುತ್ತಿದ್ದಂತೆ ಹೊಸ ರೂಪ ತಾಳುತ್ತದೆ, ರೂಪ ಬದಲಿಸುವುದರಿಂದಲೇ ಲಸಿಕೆಗೆ ಬಗ್ಗುವುದಿಲ್ಲ. ಮಂಗನ ಕಾಯಿಲೆಯನ್ನು ತರುವುದೂ ಆರ್‌ಎನ್‌ಎ ವೈರಸ್ಸೇ. ಆದರೆ ಈ ಮೂರರಲ್ಲಿ ಒಂದೂ ಅದಕ್ಕೆ ಹೊಂದುವುದಿಲ್ಲ. ಜೀವಕೋಶದೊಳಗೆ ಈ ವೈರಸ್ಸುಗಳು ಪ್ರತಿ ತೆಗೆಯುವ ವಿಧಾನದಲ್ಲಿ ಬಹಳಷ್ಟು ಸಮಾನಾಂಶಗಳಿವೆ ನಿಜ, ಆದರೆ ಯಾವ ವೈರಸ್ಸು ಹೇಗೆ ಹರಡುತ್ತದೆ, ಎಷ್ಟು ಬೇಗ ಬದಲಾಗುತ್ತದೆ, ಯಾರನ್ನು ಕಾಡುತ್ತದೆ ಎಂಬುದನ್ನು ತೀರ್ಮಾನಿಸುವುದು ಅದು ಕೋಶದ ಹೊರಗೆ ಯಾರ ಮೈಯಲ್ಲಿ, ಯಾವ ಋತುಮಾನದಲ್ಲಿ ಬಾಳುತ್ತದೆ ಎಂಬ ಸಂಗತಿ. ಮಲೆನಾಡಿನವರಿಗೆ ಪರಿಚಿತವಾದ ಈ ಒಂದು ವೈರಸ್ಸನ್ನು ಹಿಡಿದು ಆ ಎರಡೂ ಮುಖಗಳನ್ನು ನೋಡುವುದು ಈ ಲೇಖನದ ಉದ್ದೇಶ.

1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಹೊರಬಿತ್ತು. ಸುತ್ತಲ ಹಳ್ಳಿಗಳಲ್ಲಿ ಜ್ವರವೂ ಇತ್ತು. ಮಂಗ ಮತ್ತು ಮನುಷ್ಯ ಒಟ್ಟೊಟ್ಟಿಗೆ ಸಾಯುವ ಕಾಯಿಲೆ ಎಂದರೆ ಆಗಿನ ವೈದ್ಯಲೋಕಕ್ಕೆ ಮೊದಲು ನೆನಪಾಗುತ್ತಿದ್ದುದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಆತಂಕದಲ್ಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಸತ್ತ ಮಂಗಗಳ ಮಾದರಿಗಳನ್ನು ಪರೀಕ್ಷಿಸಿತು. ಸಿಕ್ಕಿದ್ದು ಹಳದಿ ಜ್ವರದ ವೈರಸ್ಸಲ್ಲ, ಅದೇ ಕುಲದ ಇನ್ನೊಂದು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡಿ ಮೆದುಳುರಿಯೂತ ತರುವ ವೈರಸ್ಸಿಗೆ ಹತ್ತಿರದ ನಂಟು. ಇದರಿಂದ ಒಂದು ಸ್ವಾರಸ್ಯದ ಊಹೆಯೂ ಹುಟ್ಟಿತು. ಸೈಬೀರಿಯಾದ ವಲಸೆ ಹಕ್ಕಿಗಳು ಈ ವೈರಸ್ಸನ್ನು ಹೊತ್ತ ಉಣುಗುಗಳನ್ನು ಇಲ್ಲಿಗೆ ತಂದಿರಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ನಡೆಯಿತು. ಹಕ್ಕಿಗಳ ವಲಸೆಯ ಬಗ್ಗೆ ಅದರಿಂದ ತಿಳಿದದ್ದು ಬಹಳ; ಕಾಯಿಲೆಯ ಮೂಲಕ್ಕೆ ಮಾತ್ರ ಆ ದಾರಿಯಲ್ಲಿ ಪುರಾವೆ ಸಿಗಲಿಲ್ಲ.

ವೈರಸ್ಸಿನ ಆಕಾರವನ್ನು ಮೊದಲು ನೋಡೋಣ. ಅದು ಸುಮಾರು 40ರಿಂದ 50 ನ್ಯಾನೊಮೀಟರ್ ಅಡ್ಡಳತೆಯ ಗೋಳ. ಒಂದು ಮಿಲಿಮೀಟರಿನ ಉದ್ದಕ್ಕೆ ಇಂಥ ಇಪ್ಪತ್ತು ಸಾವಿರ ಗೋಳಗಳನ್ನು ಸಾಲಾಗಿ ಜೋಡಿಸಬಹುದು. ಹೊರಗೆ ಕೊಬ್ಬಿನ ತೆಳು ಪೊರೆ, ಪೊರೆಯ ಮೇಲೆ ಹೊದಿಕೆ ಪ್ರೋಟೀನಿನ 180 ಪ್ರತಿಗಳು ಹೆಂಚು ಹೊದಿಸಿದಂತೆ ಒತ್ತಾಗಿ ಮಲಗಿರುತ್ತವೆ. ಒಳಗಿರುವುದು ಒಂದೇ ಒಂದು ಆರ್‌ಎನ್‌ಎ ಎಳೆ, ಅದೇ ವೈರಸ್ಸಿನ ವಂಶವಾಹಿ ಬರಹ, ಅದರ ಉದ್ದ 10,774 ಅಕ್ಷರ. ಮನುಷ್ಯನ ವಂಶವಾಹಿ ಬರಹ ಸುಮಾರು 300 ಕೋಟಿ ಅಕ್ಷರದ್ದು ಎಂಬುದನ್ನು ಪಕ್ಕದಲ್ಲಿಟ್ಟರೆ, ಇದು ಒಂದು ಸಣ್ಣಕತೆಯಷ್ಟು ಉದ್ದದ ಬರಹ. ಇಷ್ಟರಲ್ಲಿ ಹತ್ತು ಪ್ರೋಟೀನುಗಳ ವಿವರ ಅಡಕವಾಗಿದೆ: ವೈರಸ್ಸಿನ ಮೈ ಕಟ್ಟುವುದಕ್ಕೆ ಮೂರು, ಕೋಶದೊಳಗಿನ ಕೆಲಸಕ್ಕೆ ಏಳು. ಬೇರೇನೂ ಇಲ್ಲ. ಪ್ರೋಟೀನು ತಯಾರಿಸುವ ಯಂತ್ರವಿಲ್ಲ, ಶಕ್ತಿ ಉತ್ಪಾದಿಸುವ ವ್ಯವಸ್ಥೆಯಿಲ್ಲ, ಪೊರೆ ನೇಯುವ ಸಾಮಗ್ರಿಯಿಲ್ಲ. ಎಲ್ಲವನ್ನೂ ಹೊಕ್ಕ ಮನೆಯಲ್ಲೇ ಹೊಂದಿಸಿಕೊಳ್ಳಬೇಕು.

ಆರ್‌ಎನ್‌ಎ ವೈರಸ್ಸುಗಳಲ್ಲಿ ಎಳೆಯನ್ನು ನೇರವಾಗಿ ಓದಬಹುದೋ ಇಲ್ಲವೋ ಎಂಬುದು ಮೊದಲ ಭೇದ. ಮಂಗನ ಕಾಯಿಲೆ, ಡೆಂಗಿ, ಪೋಲಿಯೊ, ಕೊರೊನಾ ವೈರಸ್ಸುಗಳದ್ದು ಧನ ಎಳೆ. ಅಂದರೆ ನಮ್ಮ ಕೋಶದ ರೈಬೊಸೋಮ್ ಅದನ್ನು ತನ್ನದೇ ಸಂದೇಶವೆಂದು ತಿಳಿದು ಹಾಗೆಯೇ ಓದಿ ಪ್ರೋಟೀನು ಕಟ್ಟಬಲ್ಲದು. ಇನ್‌ಫ್ಲುಯೆಂಜಾ, ದಡಾರ, ರೇಬಿಸ್, ನಿಪಾ ವೈರಸ್ಸುಗಳದ್ದು ಋಣ ಎಳೆ. ಅದು ಎರಕದ ಅಚ್ಚಿನ ಹಾಗೆ ತಿರುವುಮುರುವಾಗಿರುವುದರಿಂದ ರೈಬೊಸೋಮಿಗೆ ಓದಲು ಬರುವುದಿಲ್ಲ. ಹಾಗಾಗಿ ಆ ವೈರಸ್ಸುಗಳು ಪಡಿಯಚ್ಚು ತೆಗೆಯುವ ಕಿಣ್ವವನ್ನು ಹೊರಗಿನಿಂದಲೇ ಜೊತೆಗೆ ಹೊತ್ತು ಬರಬೇಕಾಗುತ್ತದೆ. ಎಚ್‌ಐವಿಯ ದಾರಿಯೇ ಬೇರೆ: ಅದು ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ ನಮ್ಮ ವರ್ಣತಂತುವಿನೊಳಗೇ ಸೇರಿಕೊಳ್ಳುತ್ತದೆ.

ಉಣುಗು ಕಚ್ಚಿದ ಜಾಗಕ್ಕೆ ಬರೋಣ. ರಕ್ತ ಹೀರುವಾಗ ಉಣುಗು ಸುಮ್ಮನೆ ಹೀರುವುದಿಲ್ಲ. ನೋವು ಗೊತ್ತಾಗದಂತೆ, ರಕ್ತ ಹೆಪ್ಪುಗಟ್ಟದಂತೆ, ಅಲ್ಲಿನ ರಕ್ಷಣಾ ಕೋಶಗಳು ಚುರುಕಾಗದಂತೆ ತಡೆಯುವ ವಸ್ತುಗಳನ್ನು ಜೊಲ್ಲಿನ ಮೂಲಕ ಬಿಡುತ್ತಾ ಇರುತ್ತದೆ. ಇದೆಲ್ಲ ಉಣುಗಿನ ಊಟದ ಸಿದ್ಧತೆ, ಆದರೆ ಲಾಭ ವೈರಸ್ಸಿಗೆ. ಚರ್ಮದಲ್ಲಿ ಕಾವಲಿರುವ ಡೆಂಡ್ರೈಟಿಕ್ ಕೋಶಗಳು ಮತ್ತು ಮ್ಯಾಕ್ರೋಫೇಜ್‌ಗಳು ಹೊರಗಿನಿಂದ ಬಂದದ್ದನ್ನು ನುಂಗಿ ವಿಚಾರಿಸುವ ಕೋಶಗಳು. ವೈರಸ್ಸು ಹೊಕ್ಕುವುದು ಅವುಗಳಿಗೇ. ಕಾವಲುಗಾರನ ಜೇಬಿನಲ್ಲಿ ಕುಳಿತು ಊರೊಳಗೆ ಹೋದಂತೆ, ಆ ಕೋಶಗಳು ಹತ್ತಿರದ ದುಗ್ಧಗ್ರಂಥಿಗೆ ಸಾಗಿದಾಗ ಸೋಂಕೂ ಅವುಗಳ ಜೊತೆಗೇ ಸಾಗುತ್ತದೆ.

ಕೋಶದ ಹೊರಮೈಗೆ ಅಂಟಿದ ಗೋಳವನ್ನು ಕೋಶವೇ ಒಂದು ಪುಟ್ಟ ಚೀಲದಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ಒಳಕ್ಕೆ ಹೋದಂತೆ ಆ ಚೀಲದೊಳಗೆ ಆಮ್ಲೀಯತೆ ಏರುವುದು ಕೋಶದ ನಿತ್ಯದ ಕ್ರಮ, ನುಂಗಿದ್ದನ್ನು ಅರಗಿಸುವ ಮೊದಲ ಹೆಜ್ಜೆ. ವೈರಸ್ಸು ಕಾದಿರುವುದು ಅದೇ ಸೂಚನೆಗೆ. ಆಮ್ಲ ತಾಗಿದೊಡನೆ ಜೋಡಿ ಜೋಡಿಯಾಗಿ ಮಲಗಿದ್ದ ಹೊದಿಕೆ ಪ್ರೋಟೀನುಗಳು ಬಿಡಿಸಿಕೊಂಡು, ಮೂರು ಮೂರಾಗಿ ಎದ್ದು ನಿಂತು, ತುದಿಯನ್ನು ಚೀಲದ ಪೊರೆಗೆ ಚುಚ್ಚಿ, ಮಡಚಿಕೊಂಡು ಎರಡು ಪೊರೆಗಳನ್ನೂ ಬೆಸೆಯುತ್ತವೆ. ಬೆಸುಗೆಯಾದಲ್ಲಿ ಕಿಂಡಿ ತೆರೆದು ಆರ್‌ಎನ್‌ಎ ಎಳೆ ಕೋಶದ್ರವಕ್ಕೆ ಜಾರುತ್ತದೆ. ಅಲ್ಲಿಗೆ ವೈರಸ್ಸು ಎಂಬ ಗೋಳ ಇಲ್ಲವಾಯಿತು, ಉಳಿದದ್ದು ಒಂದು ಬರಹ ಮಾತ್ರ.

ಆ ಬರಹವನ್ನು ರೈಬೊಸೋಮ್ ಮೊದಲಿನಿಂದ ಕೊನೆಯವರೆಗೆ ನಿಲ್ಲದೆ ಓದಿ 3,416 ಅಮೈನೊ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನು ಸರಪಳಿಯನ್ನು ಕಟ್ಟುತ್ತದೆ. ಸರಪಳಿಯನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸಿದಾಗ ಹತ್ತು ಪ್ರೋಟೀನುಗಳು ಬಿಡಿಬಿಡಿಯಾಗುತ್ತವೆ. ಕತ್ತರಿಸುವ ಕೆಲಸದಲ್ಲಿ ಒಂದಿಷ್ಟನ್ನು ನಮ್ಮ ಕೋಶದ ಕಿಣ್ವಗಳು, ಉಳಿದದ್ದನ್ನು ವೈರಸ್ಸಿನ ಎನ್‌ಎಸ್3 ಎಂಬ ಪ್ರೋಟೀನು ಮಾಡುತ್ತವೆ. ಎನ್‌ಎಸ್5 ಎಂಬ ಇನ್ನೊಂದು ಪ್ರೋಟೀನು ಆರ್‌ಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಕಿಣ್ವ. ಇಂಥದ್ದು ವೈರಸ್ಸಿಗೆ ತೀರಾ ಅಗತ್ಯ, ಏಕೆಂದರೆ ಈ ಉದ್ದನೆಯ ಬರಹವನ್ನು ನಕಲು ಮಾಡಿಕೊಡಬಲ್ಲ ಕಿಣ್ವ ನಮ್ಮ ಕೋಶದಲ್ಲಿ ಇಲ್ಲ. ನಮ್ಮ ಕೋಶ ಡಿಎನ್‌ಎಯಿಂದ ಆರ್‌ಎನ್‌ಎ ತೆಗೆಯಬಲ್ಲದು, ಆರ್‌ಎನ್‌ಎಯಿಂದ ಆರ್‌ಎನ್‌ಎ ತೆಗೆಯುವ ಪಾಠ ಅದಕ್ಕಿಲ್ಲ.

ಪ್ರತಿ ತೆಗೆಯುವ ಕೆಲಸ ಬಯಲಿನಲ್ಲಿ ನಡೆಯುವುದಿಲ್ಲ. ಧನ ಎಳೆಯಿಂದ ಋಣ ಎಳೆಯ ಅಚ್ಚು ತೆಗೆದು, ಆ ಅಚ್ಚಿನಿಂದ ಮತ್ತೆ ಮತ್ತೆ ಧನ ಎಳೆಗಳನ್ನು ಎರಕ ಹೊಯ್ಯುವಾಗ ನಡುವೆ ಎರಡು ಎಳೆಗಳು ಹೆಣೆದುಕೊಂಡ ಸ್ಥಿತಿ ಬರುತ್ತದೆ. ಕೋಶದ್ರವದಲ್ಲಿ ಜೋಡಿ ಎಳೆಯ ಉದ್ದನೆಯ ಆರ್‌ಎನ್‌ಎ ಕಂಡರೆ ಅದು ವೈರಸ್ಸಿನದ್ದೇ ಎಂದು ಗುರುತಿಸಿ ಎಚ್ಚರಿಕೆ ಕೂಗುವ ಸಂವೇದಕಗಳು ನಮ್ಮಲ್ಲಿವೆ. ಅದಕ್ಕೆಂದೇ ವೈರಸ್ಸು ಕೋಶದ ಒಳಪೊರೆಯ ಜಾಲವನ್ನು ಒಳಕ್ಕೆ ತಗ್ಗಿಸಿ ಸಣ್ಣ ಬಾಯಿಯ ಮಡಕೆಗಳಂಥ ಕೋಣೆಗಳನ್ನು ಮಾಡಿಕೊಂಡು, ಅವುಗಳ ಮರೆಯಲ್ಲಿ ನಕಲು ನಡೆಸುತ್ತದೆ. ಒಂದು ಅಚ್ಚಿನಿಂದ ಹಲವು ಧನ ಎಳೆಗಳು ಹೊರಬರುತ್ತವೆ. ಅವುಗಳಲ್ಲಿ ಕೆಲವು ಮತ್ತೆ ರೈಬೊಸೋಮಿಗೆ, ಕೆಲವು ಮತ್ತೆ ನಕಲಿಗೆ, ಕೆಲವು ಹೊಸ ಗೋಳದೊಳಕ್ಕೆ. ಹೀಗೆ ಕಟ್ಟಿದ ಹೊಸ ಗೋಳಗಳು ಕೋಶದ ಹೊರಹಾದಿಯಲ್ಲಿ ಸಾಗುವಾಗ ಮುಳ್ಳುಮುಳ್ಳಾಗಿರುತ್ತವೆ. ಹೊರಬೀಳುವ ಮುನ್ನ ನಮ್ಮದೇ ಫ್ಯೂರಿನ್ ಎಂಬ ಕಿಣ್ವ ಅವುಗಳ ಒಂದು ಪ್ರೋಟೀನನ್ನು ಕತ್ತರಿಸಿದ ಮೇಲೆ ಮೈ ನುಣುಪಾಗಿ, ಸೋಂಕಿಸುವ ಶಕ್ತಿ ಬರುತ್ತದೆ. ಕೊನೆಯ ಒಪ್ಪವನ್ನೂ ಮನೆಯವರ ಕೈಯಲ್ಲೇ ಹಾಕಿಸಿಕೊಂಡು ಹೋಗುವ ಅತಿಥಿ.

ಇನ್ನು ತಪ್ಪುಗಳ ವಿಷಯ. ಆರ್‌ಎನ್‌ಎ ನಕಲಿಸುವ ಕಿಣ್ವಕ್ಕೆ ತಾನು ಬರೆದದ್ದನ್ನು ಹಿಂತಿರುಗಿ ನೋಡಿ ತಿದ್ದುವ ಸಾಮರ್ಥ್ಯ ಸಾಮಾನ್ಯವಾಗಿ ಇರುವುದಿಲ್ಲ. ಹತ್ತು ಸಾವಿರದಿಂದ ಹತ್ತು ಲಕ್ಷ ಅಕ್ಷರಗಳಿಗೆ ಒಂದರಂತೆ ತಪ್ಪಾಗುತ್ತದೆ. ಹತ್ತು ಸಾವಿರ ಅಕ್ಷರದ ಬರಹಕ್ಕೆ ಈ ಲೆಕ್ಕ ಹಾಕಿದರೆ, ಹೊಸ ಪ್ರತಿಗಳಲ್ಲಿ ಎಷ್ಟೋ ಪ್ರತಿಗಳು ಮೂಲಕ್ಕಿಂತ ಒಂದಕ್ಷರವಾದರೂ ಬೇರೆಯಾಗಿರುತ್ತವೆ. ಕೊರೊನಾ ವೈರಸ್ಸುಗಳು ಇದಕ್ಕೆ ಅಪವಾದ. ಸುಮಾರು ಮೂವತ್ತು ಸಾವಿರ ಅಕ್ಷರದ ದೊಡ್ಡ ಬರಹವನ್ನು ಹೊತ್ತ ಅವುಗಳಲ್ಲಿ ತಪ್ಪು ತಿದ್ದುವ ಒಂದು ಕಿಣ್ವವಿದೆ. ಹಾಗಿದ್ದರೆ ತಿದ್ದುಪಡಿಯಿರುವ ಕೊರೊನಾ ನಮ್ಮ ಕಣ್ಣೆದುರೇ ರೂಪದ ಮೇಲೆ ರೂಪ ಬದಲಿಸಿತು, ತಿದ್ದುಪಡಿಯಿಲ್ಲದ ಮಂಗನ ಕಾಯಿಲೆಯ ವೈರಸ್ಸು ಅರ್ಧ ಶತಮಾನದ ಅಂತರದಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಹೋಲಿಸಿದರೂ ಅಲ್ಪಸ್ವಲ್ಪವೇ ಬದಲಾಗಿದೆ ಎಂದರೆ ಹೇಗೆ?

ಉತ್ತರ ಕಿಣ್ವದಲ್ಲಿಲ್ಲ, ಉಣುಗಿನಲ್ಲಿದೆ. ಕೋಟ್ಯಂತರ ಜನರ ಗಂಟಲಲ್ಲಿ ದಿನದಿನವೂ ನಕಲಾಗುತ್ತಿದ್ದ ಕೊರೊನಾಕ್ಕೆ ತಪ್ಪುಗಳನ್ನು ಪ್ರಯೋಗಿಸಿ ನೋಡಲು ಅವಕಾಶ ಬೇಕಾದಷ್ಟಿತ್ತು. ಈ ವೈರಸ್ಸಾದರೋ ವರ್ಷದ ಬಹುಪಾಲನ್ನು ಉಣುಗಿನ ಮೈಯಲ್ಲಿ ನಿಧಾನವಾಗಿ ಕಳೆಯುತ್ತದೆ. ಉಣುಗು ತನ್ನ ಒಂದೊಂದು ಹಂತದಲ್ಲಿ ಒಮ್ಮೆ ಮಾತ್ರ ರಕ್ತ ಕುಡಿಯುತ್ತದೆ, ನಡುವೆ ತಿಂಗಳುಗಟ್ಟಲೆ ಉಪವಾಸ. ಅಲ್ಲದೆ ಇಲ್ಲಿ ಒಂದೇ ಬರಹ ಎರಡು ತೀರ ಭಿನ್ನ ಜೀವಿಗಳಲ್ಲಿ ನಡೆಯಬೇಕು. ಮಂಗದ ಕೋಶಕ್ಕೆ ಅನುಕೂಲವಾದ ಬದಲಾವಣೆ ಉಣುಗಿನ ಹೊಟ್ಟೆಯಲ್ಲಿ ಎಡವಟ್ಟಾದರೆ ಅದು ಅಲ್ಲಿಗೇ ಮುಗಿಯುತ್ತದೆ. ಹೀಗೆ ಎರಡು ಕಡೆಯ ಪರೀಕ್ಷೆ ಪಾಸಾಗಬೇಕಾದ ಬರಹಕ್ಕೆ ಹಳೆಯ ಪಾಠಕ್ಕೇ ಅಂಟಿಕೊಳ್ಳುವುದು ಕ್ಷೇಮ. ನಕಲಿನಲ್ಲಿ ತಪ್ಪಾಗುವ ವೇಗ ಒಂದು, ಆ ತಪ್ಪು ಉಳಿದು ಬಾಳುವ ವೇಗ ಇನ್ನೊಂದು. ಪತ್ರಿಕೆಗಳಲ್ಲಿ ಬರುವ ವಿವರಣೆಗಳು ಇವೆರಡನ್ನು ಬೆರೆಸಿಬಿಡುವುದರಿಂದಲೇ ಎಲ್ಲ ಆರ್‌ಎನ್‌ಎ ವೈರಸ್ಸುಗಳೂ ಬಹುರೂಪಿಗಳೆಂಬ ಭಾವನೆ ಹುಟ್ಟಿದೆ ಎಂದು ನನಗನಿಸುತ್ತದೆ. ಇನ್‌ಫ್ಲುಯೆಂಜಾದಂಥವಕ್ಕೆ ಆ ಮಾತು ಸಲ್ಲುತ್ತದೆ. ಅದರ ಬರಹ ಎಂಟು ಬಿಡಿ ತುಂಡುಗಳಲ್ಲಿರುವುದರಿಂದ ಹಂದಿಯದ್ದೂ ಹಕ್ಕಿಯದ್ದೂ ಮನುಷ್ಯನದ್ದೂ ಒಂದೇ ಕೋಶದಲ್ಲಿ ಕಲೆತರೆ ಇಸ್ಪೀಟೆಲೆ ಕಲೆಸಿದಂತೆ ಹೊಸ ಕೈ ಏಳಬಹುದು. 2009ರ ಹಂದಿಜ್ವರ ಹಾಗೆ ಎದ್ದದ್ದು.

ಈಗ ಕಾಯಿಲೆ. ಜ್ವರ ಮೆಲ್ಲನೆ ಏರುವುದಿಲ್ಲ. ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆಗೆ ಚಳಿ ಹಿಡಿದು ಮಲಗುವಂತೆ ಒಮ್ಮೆಲೇ ಬರುತ್ತದೆ. ಹಣೆಯ ಭಾಗದಲ್ಲಿ ತಡೆಯಲಾರದ ನೋವು, ಸೊಂಟ ಮತ್ತು ಮೀನಖಂಡ ಹಿಂಡಿದಂಥ ನೋವು, ಕೆಂಪಾದ ಕಣ್ಣು, ವಾಂತಿ, ಭೇದಿ. ಇದರಲ್ಲಿ ಬಹುಪಾಲು ವೈರಸ್ಸು ನೇರವಾಗಿ ಮಾಡಿದ ಹಾನಿಯಲ್ಲ, ಅದನ್ನು ಎದುರಿಸಲು ದೇಹ ಸುರಿಸುವ ರಾಸಾಯನಿಕಗಳ ಪರಿಣಾಮ. ಆ ಪ್ರತಿರೋಧದ ಮುಂಚೂಣಿಯಲ್ಲಿರುವುದು ಇಂಟರ್‌ಫೆರಾನ್. ಸೋಂಕಿತ ಕೋಶ ಅದನ್ನು ಹೊರಬಿಟ್ಟಾಗ ನೆರೆಯ ಕೋಶಗಳು ಬಾಗಿಲು ಭದ್ರಪಡಿಸಿಕೊಳ್ಳುತ್ತವೆ. ನಕಲು ಬರೆಯುವ ಎನ್‌ಎಸ್5 ಪ್ರೋಟೀನಿಗೆ ಇನ್ನೊಂದು ಕೈಚಳಕ ಇರುವುದು ಇಲ್ಲಿ: ನೆರೆಯ ಕೋಶದೊಳಗೆ ಇಂಟರ್‌ಫೆರಾನಿನ ಸಂದೇಶವನ್ನು ಮುಟ್ಟಿಸುವ ಹಾದಿಯನ್ನೇ ಅದು ಕಡಿದುಹಾಕುತ್ತದೆ. ಬರೀ ಹತ್ತು ಪ್ರೋಟೀನು ಇರುವಲ್ಲಿ ಒಂದೊಂದಕ್ಕೂ ಎರಡು ಮೂರು ಕೆಲಸ.

ಹೀಗೆ ದೊರೆತ ಬಿಡುವಿನಲ್ಲಿ ವೈರಸ್ಸು ದುಗ್ಧಗ್ರಂಥಿಯಿಂದ ರಕ್ತಕ್ಕೂ, ರಕ್ತದಿಂದ ಪಿತ್ತಜನಕಾಂಗ, ಗುಲ್ಮಗಳಿಗೂ ಮುಟ್ಟುತ್ತದೆ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿದಿರುತ್ತವೆ. ಸತ್ತವರ ಗುಲ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮ್ಯಾಕ್ರೋಫೇಜ್‌ಗಳು ನಮ್ಮದೇ ಕೆಂಪು ರಕ್ತಕಣಗಳನ್ನು ನುಂಗಿ ಕುಳಿತಿರುವುದು ಕಂಡಿದೆ. ಕೆಲವರಿಗೆ ಮೂಗಿನಿಂದ, ವಸಡಿನಿಂದ ರಕ್ತ ಒಸರುತ್ತದೆ, ಮಲ ಕಪ್ಪಾಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಅಷ್ಟು ಜ್ವರವಿದ್ದರೂ ನಾಡಿ ನಿಧಾನವಾಗಿರುತ್ತದೆ. ಎರಡು ವಾರದಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಸುಸ್ತು ಮಾತ್ರ ವಾರಗಟ್ಟಲೆ ಉಳಿಯುತ್ತದೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಜ್ವರ ಬಿಟ್ಟು ವಾರ, ಎರಡು ವಾರ ಕಳೆದ ಮೇಲೆ ಎರಡನೆಯ ಸುತ್ತು ಬರುತ್ತದೆ, ಈ ಸಲ ನರಮಂಡಲದ್ದು: ತಲೆನೋವು ಮರುಕಳಿಸಿ, ಕತ್ತು ಬಿಗಿದು, ಕೈ ನಡುಗಿ, ದೃಷ್ಟಿ ಮಂಜಾಗಿ, ಮಾತು ಅಡ್ಡಾದಿಡ್ಡಿಯಾಗುವುದೂ ಉಂಟು. ರಷ್ಯಾದ ದಾಯಾದಿ ವೈರಸ್ಸಿನ ನೆನಪಾಗುವುದು ಆಗಲೇ. ಕಾಯಿಲೆ ಬಂದವರಲ್ಲಿ ಸಾಯುವವರ ಪ್ರಮಾಣ ಸಾಮಾನ್ಯವಾಗಿ ಶೇಕಡ 3ರಿಂದ 5.

ಈ ವೈರಸ್ಸನ್ನೇ ಗುರಿಯಿಟ್ಟು ಕೊಲ್ಲುವ ಔಷಧಿ ಬಳಕೆಯಲ್ಲಿಲ್ಲ. ನೀರಿನಂಶ ಕಾಪಾಡುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಅಗತ್ಯ ಬಿದ್ದರೆ ರಕ್ತ, ಪ್ಲೇಟ್‌ಲೆಟ್ ಕೊಡುವುದೇ ಚಿಕಿತ್ಸೆ. ಹಾಗಾಗಿ ಬೇಗ ಗುರುತಿಸುವುದಕ್ಕೆ ಬೆಲೆ ಹೆಚ್ಚು. ಗುರುತಿಸುವುದೇ ತೊಡಕು. ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಇಳಿತ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಡೆಂಗಿ. ಇಲಿಜ್ವರವೂ ಹೀಗೇ ಕಾಣುತ್ತದೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನು ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದಲೂ, ದಿನಗಳು ಕಳೆದಂತೆ ಅದರ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು ಎಲಿಸಾ ಪರೀಕ್ಷೆಯಿಂದಲೂ ಪತ್ತೆ ಮಾಡಬೇಕು. ಜನವರಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯ ರೋಗಿ ನಗರದ ಆಸ್ಪತ್ರೆಗೆ ಬಂದರೆ ‘ಕಾಡಿಗೆ ಹೋಗಿದ್ದಿರಾ’ ಎಂಬ ಒಂದು ಪ್ರಶ್ನೆ ಯಾವ ಯಂತ್ರಕ್ಕೂ ಕಡಿಮೆಯಲ್ಲ.

ಇಲ್ಲಿಯವರೆಗೆ ಹೇಳಿದ್ದು ವೈರಸ್ಸಿಗೆ ಮನುಷ್ಯ ಸಿಕ್ಕ ಮೇಲಿನ ಕತೆ. ವೈರಸ್ಸಿನ ದೃಷ್ಟಿಯಲ್ಲಿ ಅದೊಂದು ದಾರಿತಪ್ಪಿದ ಪ್ರಯಾಣ. ಅದರ ನಿಜವಾದ ಸಂಸಾರ ಇರುವುದು ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮತ್ತು ಕಾಡಿನ ಪ್ರಾಣಿಗಳ ನಡುವೆ. ಮಳೆಗಾಲದಲ್ಲಿ ದೊಡ್ಡ ಉಣುಗು ದನ, ಕಡವೆಯಂಥ ಪ್ರಾಣಿಗಳ ಮೈಯಲ್ಲಿ ರಕ್ತ ಕುಡಿದು, ಉದುರಿ, ನೆಲದಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಹಿಂದೆಗೆದ ಮೇಲೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಅಳಿಲು, ನೆಲದ ಮೇಲೆ ಓಡಾಡುವ ಹಕ್ಕಿ, ಮಂಗಗಳ ಮೈ ಹತ್ತುತ್ತವೆ. ತಾಯಿಯಿಂದ ಮೊಟ್ಟೆಗೆ ವೈರಸ್ಸು ದಾಟುವುದು ಈ ಜಾತಿಯಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲವಾದ್ದರಿಂದ ಮರಿಗಳು ಸೋಂಕು ಪಡೆಯುವುದು ಈ ಊಟದಲ್ಲೇ. ಊಟ ಮುಗಿಸಿ ಉದುರಿ, ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣುಗಾದಾಗ ವೈರಸ್ಸು ಅದರೊಳಗೆ ಉಳಿದಿರುತ್ತದೆ. ಡಿಸೆಂಬರಿನಿಂದ ಮೇವರೆಗೆ ದರಗಿನ ನಡುವೆ, ಗಿಡದ ತುದಿಯಲ್ಲಿ ಮುಂಗಾಲು ಚಾಚಿ ಕಾಯುವುದು ಈ ಎಳೆಯ ಉಣುಗು. ಕಾಯಿಲೆಯ ಋತು ಅದೇ.

ಮಂಗಗಳ ಪಾತ್ರ ಇಲ್ಲಿ ಎರಡು ಬಗೆಯದು. ಕಪ್ಪು ಮೋರೆಯ ಮುಸಿಯ ಮತ್ತು ಕೆಂಪು ಮೋರೆಯ ಮಂಗ, ಎರಡರ ರಕ್ತದಲ್ಲೂ ವೈರಸ್ಸು ವಿಪರೀತ ಹೆಚ್ಚುತ್ತದೆ; ಆಗ ಅವುಗಳ ಮೈಮೇಲಿರುವ ನೂರಾರು ಮರಿ ಉಣುಗುಗಳು ಒಟ್ಟಿಗೇ ಸೋಂಕು ಪಡೆಯುತ್ತವೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅವೆಲ್ಲ ಅಲ್ಲೇ ಕೆಳಗಿಳಿದು ಆ ಜಾಗವನ್ನು ಅಪಾಯದ ತಾಣವನ್ನಾಗಿ ಮಾಡುತ್ತವೆ. ಮಂಗ ಸತ್ತಲ್ಲಿ ಸುತ್ತಲಿನ 50 ಮೀಟರ್ ನೆಲಕ್ಕೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವುದು ಈ ಕಾರಣಕ್ಕೆ. ಆದರೆ ಮಂಗನಿಂದ ಮನುಷ್ಯನಿಗೆ ಕಾಯಿಲೆ ಹಾರುವುದಿಲ್ಲ. ಮಂಗವೂ ಅದೇ ಉಣುಗಿನ ಕಡಿತಕ್ಕೆ ಸಿಕ್ಕ ರೋಗಿ. ‘ಮಂಗನ ಕಾಯಿಲೆ’ ಎಂಬ ಹೆಸರು ಆ ಪ್ರಾಣಿಯ ಮೇಲೆ ಹೊರಿಸಿದ ಅಪವಾದದಂತಿದೆ. ಮಂಗಗಳನ್ನು ಓಡಿಸಿದರೆ ಕಾಯಿಲೆ ಹೋಗುತ್ತದೆ ಎಂದು ವಾದಿಸುವವರನ್ನು ನಾನು ಕೇಳಿದ್ದೇನೆ. ಓಡಿಸಿದ ಮಂಗ ತನ್ನ ಮೈಮೇಲಿನ ಉಣುಗನ್ನು ಮುಂದಿನ ಊರಿಗೆ ಒಯ್ಯುತ್ತದೆ, ಅಷ್ಟೆ.

ದನಗಳದ್ದು ಇನ್ನೊಂದು ಬಗೆ. ಅವುಗಳ ರಕ್ತದಲ್ಲಿ ವೈರಸ್ಸು ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ, ಆದ್ದರಿಂದ ಅವು ಸೋಂಕಿನ ಮೂಲವಲ್ಲ. ಆದರೆ ದೊಡ್ಡ ಉಣುಗಿಗೆ ಹೊಟ್ಟೆತುಂಬ ರಕ್ತ ಕೊಟ್ಟು ಮುಂದಿನ ಪೀಳಿಗೆಯನ್ನು ಬೆಳೆಸುವುದು ಕಾಡಂಚಿನಲ್ಲಿ ಮೇಯುವ ದನಗಳೇ. ಕಾಡು ಕಡಿದು, ದನ ಬಿಟ್ಟು, ನಡುವೆ ತೋಟ ಎಬ್ಬಿಸಿದಲ್ಲಿ ಮಂಗ, ಇಲಿ, ದನ, ಮನುಷ್ಯ ಒಂದೇ ನೆಲದ ಮೇಲೆ ತಿರುಗುವಂತಾಗುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ ಗೇರು ತೋಟಕ್ಕಾಗಿ ಸುಮಾರು 400 ಹೆಕ್ಟೇರ್ ಕಾಡು ತೆಗೆದ ಬೆನ್ನಿಗೇ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಹಲವು ವರ್ಷ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳ ಕಾಯಿಲೆಯೆಂದೇ ತಿಳಿದಿದ್ದ ಇದು 2012ರಲ್ಲಿ ಬಂಡೀಪುರದಲ್ಲಿ, ಸತ್ತ ಮಂಗಗಳನ್ನು ಸುಡುವ ಕೆಲಸ ಮಾಡಿದವರಲ್ಲಿ ಕಾಣಿಸಿತು. ಆಮೇಲೆ ನೀಲಗಿರಿ, ವಯನಾಡು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ, ಅಲ್ಲಿ ಮತ್ತೆ ಗೇರು ಬೀಜ ಹೆಕ್ಕುವವರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಹಾವಳಿ ಮುಂದಿನ ಬೇಸಿಗೆಯವರೆಗೂ ಒಂದೇ ಪಂಚಾಯಿತಿಯ ಹಲವು ಮನೆಗಳಿಗೆ ಸಾವು ತಂದಿತು. ಪಶ್ಚಿಮಘಟ್ಟದ ಉದ್ದಕ್ಕೂ ಕಾಣಿಸುತ್ತಿರುವ ಈ ವಿಸ್ತಾರಕ್ಕೆ ವೈರಸ್ಸಿನ ಬರಹದಲ್ಲಿ ಕಾರಣ ಹುಡುಕುವುದಕ್ಕಿಂತ ಕಾಡಿನ ಅಂಚಿನಲ್ಲಿ ಹುಡುಕುವುದು ಸರಿ. ಪತ್ತೆಹಚ್ಚುವ ಪರೀಕ್ಷೆ ಸುಲಭವಾದದ್ದೂ ಅದರ ಒಂದು ಪಾಲು.

ಮನುಷ್ಯನಿಂದ ಮುಂದಕ್ಕೆ ಹರಡುವುದಿಲ್ಲ ಎಂಬುದಕ್ಕೂ ಕಾರಣ ಕೋಶದೊಳಗಿಲ್ಲ. ರೋಗಿಯ ರಕ್ತದಲ್ಲೂ ವಾರಕ್ಕೂ ಹೆಚ್ಚು ಕಾಲ ವೈರಸ್ಸು ಇರುತ್ತದೆ. ಆದರೆ ಅದನ್ನು ಅಲ್ಲಿಂದ ಎತ್ತಿಕೊಂಡು ಹೋಗಬೇಕಾದ ಮರಿ ಉಣುಗುಗಳಿಗೆ ಹಾಸಿಗೆ ಹಿಡಿದ ಮನುಷ್ಯ ಸಿಗುವುದಿಲ್ಲ. ಕೆಮ್ಮಿನಲ್ಲೂ ಉಸಿರಿನಲ್ಲೂ ಹೋಗುವ ದಾರಿ ಅದಕ್ಕಿಲ್ಲ. ಇದೇ ಕುಲದ ಡೆಂಗಿಯಲ್ಲಿ ಮನೆಯೊಳಗೇ ಹಗಲು ಕಚ್ಚುವ ಈಡಿಸ್ ಸೊಳ್ಳೆ ರೋಗಿಯಿಂದ ಪಕ್ಕದ ಮನೆಗೆ ಒಯ್ಯುತ್ತದೆ. ದಡಾರಕ್ಕೆ ಅದೂ ಬೇಡ, ಗಾಳಿಯೇ ಸಾಕು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ತಗಲುತ್ತದೆ. ಮಂಗನ ಕಾಯಿಲೆ ಬಂದವರ ಮನೆಗೆ ಹೋಗಲು, ಶವಸಂಸ್ಕಾರಕ್ಕೆ ಹೆಗಲು ಕೊಡಲು ಹಿಂಜರಿಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು.

ಉಳಿದದ್ದು ಲಸಿಕೆ. ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ಸು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ಬೆಂಗಳೂರಿನ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ದಶಕಗಳ ಕಾಲ ತಯಾರಿಸಿತು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರು, ಆಮೇಲೆ ಐದು ವರ್ಷ ವರ್ಷಕ್ಕೊಂದು ಎಂಬುದು ಕ್ರಮ. 1990ರಿಂದ 1992ರ ನಡುವಿನ ಕ್ಷೇತ್ರ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇಕಡ 93.5 ಎಂದಿತ್ತು; 2005ರಿಂದ 2010ರ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಅದು ಶೇಕಡ 62.4ಕ್ಕೆ ಇಳಿದಿತ್ತು, ಬೂಸ್ಟರೂ ಪಡೆದವರಲ್ಲಿ 82.9. ಸೂಜಿ ಚುಚ್ಚಿದ ಜಾಗದ ನೋವಿಗೆ ಹೆದರಿ, ಮತ್ತೆ ಮತ್ತೆ ಬರಬೇಕಾದ ಬೇಸರಕ್ಕೆ ಎಷ್ಟೋ ಜನ ಮೊದಲ ಡೋಸಿಗೇ ನಿಲ್ಲಿಸಿದರು. ಪೂರ್ತಿ ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದಿದೆ. ಕೊನೆಗೆ ಸತ್ವ ಸಾಲದೆಂಬ ಕಾರಣಕ್ಕೆ 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು.

ವೈರಸ್ಸು ರೂಪ ಬದಲಿಸಿದ್ದರಿಂದ ಲಸಿಕೆ ಸೋತಿತು ಎಂಬ ವಿವರಣೆ ಕೇಳಲು ಸಲೀಸು, ಆದರೆ ಮೇಲೆ ಹೇಳಿದ ನಿಧಾನಗತಿಯ ಮುಂದೆ ನಿಲ್ಲುವುದಿಲ್ಲ. ಡೆಂಗಿಯಂತೆ ನಾಲ್ಕು ಬಗೆಗಳಿಗೂ ರಕ್ಷಣೆ ಒದಗಿಸಬೇಕಾದ ಕಷ್ಟವೂ ಇಲ್ಲಿಲ್ಲ. ಇದೇ ಉಣುಗು ವೈರಸ್ಸುಗಳ ಬಳಗಕ್ಕೆ ಸೇರಿದ ಯುರೋಪಿನ ಮೆದುಳುರಿಯೂತಕ್ಕೆ ಇದೇ ನಿಷ್ಕ್ರಿಯ ವಿಧಾನದಿಂದ ಮಾಡಿದ ಲಸಿಕೆಯನ್ನು ಆಸ್ಟ್ರಿಯಾ ದೇಶ 1980ರ ದಶಕದಿಂದ ಬಹುಪಾಲು ಜನರಿಗೆ ಕೊಟ್ಟು ಕಾಯಿಲೆಯನ್ನು ಗಣನೀಯವಾಗಿ ಇಳಿಸಿಕೊಂಡಿತು. ಬಹಳ ಬದಲಾಗದ, ಒಂದೇ ಬಗೆಯ, ಮನುಷ್ಯನಿಂದ ಮನುಷ್ಯನಿಗೆ ಹರಡದ ಈ ವೈರಸ್ಸು ಲಸಿಕೆಗೆ ಸುಲಭದ ಗುರಿಗಳಲ್ಲೊಂದು. ಅದು ಕೈತಪ್ಪಿದ್ದಕ್ಕೆ ವೈರಸ್ಸಿನ ಚಾತುರ್ಯಕ್ಕಿಂತ ಹಳೆಯ ತಯಾರಿಕೆಯನ್ನೇ ನೆಚ್ಚಿ ದಶಕಗಳನ್ನು ಕಳೆದ ನಮ್ಮ ಅಲಕ್ಷ್ಯವೇ ಕಾರಣವೆಂದು ನಾನು ತಿಳಿಯುತ್ತೇನೆ. ವರ್ಷಕ್ಕೆ ಕೆಲವು ನೂರು ಜನರಿಗೆ, ಅದೂ ಕಾಡಂಚಿನ ಕೂಲಿಗಳಿಗೆ ಮತ್ತು ಸಣ್ಣ ಬೆಳೆಗಾರರಿಗೆ ಬರುವ ಕಾಯಿಲೆಗೆ ಮಾರುಕಟ್ಟೆ ಇಲ್ಲ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಹೊಸದೊಂದನ್ನು ಸಿದ್ಧಪಡಿಸುತ್ತಿದೆ. ಅದು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿದೆ.

ಹೊಸ ಲಸಿಕೆ ಬಂದರೂ ಅದನ್ನು ಕೊಡಬೇಕಾದ ತಿಂಗಳುಗಳನ್ನು ಗೊತ್ತುಮಾಡುವುದು ಉಣುಗೇ: ಎಳೆಯ ಉಣುಗು ದರಗಿಗೆ ಬರುವ ಮೊದಲು, ಅಂದರೆ ಮಳೆಗಾಲ ಮುಗಿಯುವುದರೊಳಗೆ ಡೋಸುಗಳು ಪೂರ್ತಿಯಾಗಿರಬೇಕು. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ತುಂಬು ತೋಳಿನ ಅಂಗಿ ತೊಟ್ಟು ಬೆಟ್ಟಕ್ಕೆ ಹೋಗುವುದು, ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಕುದಿನೀರಿಗೆ ಹಾಕುವುದು, ದರಗಿನ ರಾಶಿಯ ಮೇಲೆ ಕೂರದಿರುವುದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅಂದೇ ತಿಳಿಸುವುದು, ಇಷ್ಟೇ ಉಪಾಯ. ಈ ಎಣ್ಣೆಯ ವಾಸನೆಯೂ ಜಿಡ್ಡೂ ಹಲವರಿಗೆ ಹಿಡಿಸುವುದಿಲ್ಲ. ಬೆವರಿದರೆ ಇಳಿದುಹೋಗುತ್ತದೆ, ಮತ್ತೆ ಹಚ್ಚಬೇಕು. ದರಗಿನ ಕೆಲಸವೋ ಬೆವರಿಳಿಯದೆ ಆಗುವಂಥದ್ದಲ್ಲ.